ಡೆನ್ಮಾರ್ಕಿನ ವಿಸ್ತರಿಸುವ ಊಟದ ಮೇಜು

ಗೃಹೋಪಕರಣವು ಕಲಾವಿಮರ್ಶೆಗೆ ವಿಷಯವಾಗಬಲ್ಲುದೇ ಎಂಬ ಶಂಕೆಯು ಸಹಜವಾದುದು. ಉಪಯೋಗವೇ ಪ್ರಧಾನವಾದ ವಸ್ತುವಿನಲ್ಲಿ ಸೌಂದರ್ಯವು ಮೇಲೆ ಬಳಿದ ಬಣ್ಣದಂತೆ ಆಗಂತುಕವೆಂದು ಭಾವಿಸುವವರುಂಟು. 20ನೆಯ ಶತಮಾನದ ಮಧ್ಯಭಾಗದಲ್ಲಿ ಡೆನ್ಮಾರ್ಕಿನಲ್ಲಿ ನಿರ್ಮಿತವಾದ, ಬೇಕಾದಾಗ ಉದ್ದವಾಗಿಸಬಹುದಾದ ಮರದ ಊಟದ ಮೇಜು ಈ ಭಾವನೆಯನ್ನು ತಿದ್ದುತ್ತದೆ. ‘ಸರಳತೆ’ ಎಂಬ ಒಂದೇ ಮಾತಿನಿಂದ ಅದನ್ನು ಹೊಗಳಿ ಮುಗಿಸುವುದು ವಾಡಿಕೆಯಾಗಿದೆ. ಆದರೆ ಅದರ ಗುಣದೋಷಗಳೆರಡನ್ನೂ ಅದರೊಳಗೆ ಅಡಗಿರುವ ಹಲಗೆಗಳಲ್ಲಿಯೇ ಅರಸಬೇಕು.

ಈ ಪರಂಪರೆಗೆ ತಳಹದಿ ಹಾಕಿದವನು ಕೋರೆ ಕ್ಲಿಂಟ್ (1888–1954). 1924ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಅಕಾಡೆಮಿಯಲ್ಲಿ ಪೀಠೋಪಕರಣಗಳ ಶಿಕ್ಷಣ ವಿಭಾಗವನ್ನು ಆರಂಭಿಸಿದ ಆತನು, ಹಳೆಯ ಮಾದರಿಗಳನ್ನು ತಿರಸ್ಕರಿಸದೆ ಅಳೆದು ನೋಡಿ ಅವುಗಳ ಸಾರವನ್ನು ಗ್ರಹಿಸಬೇಕೆಂದು ಬೋಧಿಸಿದನು. ಆತನ ಶಿಷ್ಯನಾದ ಬೋರ್ಗೆ ಮೊಗೆನ್ಸೆನ್ (1914–1972) 1942ರಲ್ಲಿ ಡೇನಿಷ್ ಸಹಕಾರ ಸಂಘಗಳ ಒಕ್ಕೂಟದ ಪೀಠೋಪಕರಣ ವಿಭಾಗದ ಮುಖ್ಯಸ್ಥನಾಗಿ, ಸಾಮಾನ್ಯ ಸಂಸಾರಗಳ ಚಿಕ್ಕ ಮನೆಗಳಿಗೆ ಒಪ್ಪುವ ವಸ್ತುಗಳನ್ನು ರೂಪಿಸಿದನು. ಚಿಕ್ಕ ಮನೆಯಲ್ಲಿ ನಿತ್ಯದ ಊಟಕ್ಕೆ ನಾಲ್ವರು, ಹಬ್ಬದ ಊಟಕ್ಕೆ ಎಂಟು ಹತ್ತು ಮಂದಿ. ವಿಸ್ತರಿಸುವ ಮೇಜು ಪರಿಹರಿಸಬೇಕಾದ ಸಮಸ್ಯೆಯಿದು. ಪರಿಹಾರವಾದರೋ ಹಳೆಯದೇ. ಹಲಗೆಗಳನ್ನು ಎಳೆದು ಉದ್ದಮಾಡುವ ಮೇಜು ಯೂರೋಪಿನಲ್ಲಿ 16ನೆಯ ಶತಮಾನದಲ್ಲಿಯೇ ಬಳಕೆಯಲ್ಲಿದ್ದಿತು.

ಹಾನ್ಸ್ ವೆಗ್ನರನು (1914–2007) ಆಂಡ್ರಿಯಾಸ್ ಟುಕ್ ಕಾರ್ಖಾನೆಗಾಗಿ ರಚಿಸಿದ, ತೇಗದ ಮೇಲ್ಮೈಯೂ ಓಕ್ ಮರದ ಕಾಲುಗಳೂ ಉಳ್ಳ ಮೇಜು ಈ ಹಳೆಯ ಜಾತಿಗೆ ಸೇರಿದುದು. ಇಂತಹ ಮೇಜಿನಲ್ಲಿ ಮೇಲುಹಲಗೆಯ ಕೆಳಗೆ ಎರಡು ಹಲಗೆಗಳು ಅಡಗಿರುತ್ತವೆ. ಅವುಗಳನ್ನು ಹೊತ್ತ ಮರದ ಪಟ್ಟಿಗಳು ಓರೆಯಾಗಿರುವುದರಿಂದ, ಹಲಗೆಯು ಹೊರಕ್ಕೆ ಸರಿದಂತೆಲ್ಲ ಮೇಲಕ್ಕೇರಿ ಮೇಲುಹಲಗೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಲ್ಲಿ ಇಳಿಜಾರೇ ಯಂತ್ರ. ಮುಚ್ಚಿದಾಗ ಮೇಜಿನಲ್ಲಿ ಯಾವ ಕೊರತೆಯೂ ತೋರದು. ಅಡಗಿದ ಹಲಗೆಯು ಧ್ವನಿಯಂತೆ ಒಳಗೇ ಇದ್ದು, ಅತಿಥಿಗಳು ಬಂದಾಗ ಪ್ರಕಟವಾಗುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವಿತವೆಂದ ಔಚಿತ್ಯವು ಇಲ್ಲಿ ಮರದಲ್ಲಿ ಸಿದ್ಧಿಸಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೂ ದೋಷಗಳಿಲ್ಲವೆಂದಲ್ಲ. ಮೇಜು ಉದ್ದವಾದರೂ ಕಾಲುಗಳು ಇದ್ದಲ್ಲಿಯೇ ಇರುವುದರಿಂದ, ಅವು ನಡುವಿನತ್ತ ಸರಿದಂತೆ ಕಂಡು, ಮುಚ್ಚಿದ ರೂಪದ ಪ್ರಮಾಣಸೌಷ್ಠವವು ತೆರೆದ ರೂಪದಲ್ಲಿ ಸಡಿಲವಾಗುತ್ತದೆ. ತುದಿಯಲ್ಲಿ ಕುಳಿತವನ ಮೊಣಕಾಲಿಗೆ ಮೇಜಿನ ಕಾಲು ತಾಗದೆಂಬ ಅನುಕೂಲಕ್ಕೆ ಇದೇ ಬೆಲೆ. ಇದಕ್ಕಿಂತ ಗಹನವಾದುದು ಬಣ್ಣದ ವಿಷಯ. ಹೊಸದಾಗಿ ಕೊಯ್ದ ತೇಗವು ಬೆಳಕು ತಾಗಿದಂತೆ ಹೊಂಗಂದು ಬಣ್ಣಕ್ಕೆ ತಿರುಗುವುದನ್ನು ನಮ್ಮ ನಾಡಿನ ಬಡಗಿಗಳೂ ಬಲ್ಲರು. ಮೇಲುಹಲಗೆಯು ದಶಕಗಳ ಕಾಲ ಬೆಳಕನ್ನು ಉಂಡಿರುವಾಗ ಒಳಗಿನ ಹಲಗೆಯು ಕತ್ತಲೆಯಲ್ಲಿದ್ದು ತನ್ನ ಮೊದಲಿನ ಬಣ್ಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಹಳೆಯ ಮೇಜನ್ನು ತೆರೆದಾಗ ಒಂದೇ ಮರದ ಎರಡು ವಯಸ್ಸುಗಳು ಪಕ್ಕಪಕ್ಕದಲ್ಲಿ ಕಾಣುವುವು.

ಇದನ್ನು ದೋಷವೆಂದೆಣಿಸಿ ಉಪ್ಪುಕಾಗದದಿಂದ ಉಜ್ಜಿ ಬಣ್ಣವನ್ನು ಸಮಮಾಡುವ ಪದ್ಧತಿಯುಂಟು. ಆದರೆ ಈ ಮೇಜುಗಳಲ್ಲಿ ಅನೇಕವು ತೇಗದ ತೆಳುಪದರವನ್ನು ಮಾತ್ರ ಮೇಲೆ ಹೊದಿಸಿದವು. ಹೆಚ್ಚು ಉಜ್ಜಿದರೆ ಪದರವೇ ಸವೆದು ಕೆಳಗಿನ ಮರವು ಬಯಲಾಗುವುದು, ಮತ್ತೆ ಸರಿಪಡಿಸುವಂತಿಲ್ಲ. ಹಸ್ತಪ್ರತಿಯ ಪಾಠವನ್ನು ತಿದ್ದುವ ಭರದಲ್ಲಿ ಓಲೆಯನ್ನೇ ಹೆರೆದಂತೆ ಇದು. ಬಣ್ಣದ ಆ ವ್ಯತ್ಯಾಸವು ಒಂದು ಸಂಸಾರದ ನಿತ್ಯಕ್ಕೂ ನೈಮಿತ್ತಿಕಕ್ಕೂ ನಡುವಣ ಗೆರೆ. ಅದು ಎಷ್ಟು ಸ್ಫುಟವೋ ಅಷ್ಟು ವಿರಳವಾಗಿ ಆ ಮನೆಯಲ್ಲಿ ಮೇಜು ತೆರೆಯಿತೆಂದು ಊಹಿಸಬಹುದು. ಮುಚ್ಚಿದ ಮೇಜನ್ನು ಮಾತ್ರ ನೋಡಿ ಸರಳತೆಯನ್ನು ಕೊಂಡಾಡುವ ವಿಮರ್ಶೆಯು ಅರ್ಧ ವಿಮರ್ಶೆ. ಹಲಗೆಯನ್ನು ಹೊರಗೆಳೆದು ನೋಡಿದವನಿಗೇ ಈ ಕೃತಿಯ ಪೂರ್ಣಪಾಠವು ದೊರೆಯುವುದು.