ಹನಿ ಲೆಕ್ಕದ ತೈಲ

ಬೆಂಗಳೂರು ಮೆಟ್ರೊ ಹಸಿರು ಮಾರ್ಗದಲ್ಲಿ ರಾಜಾಜಿನಗರ, ಮಹಾಲಕ್ಷ್ಮಿ ಕಳೆದ ಮೇಲೆ ಬರುವ ನಿಲ್ದಾಣಕ್ಕೆ ಗಂಧದ ಸಾಬೂನು ಕಾರ್ಖಾನೆಯ ಹೆಸರು. 2014ರಲ್ಲಿ ಅಲ್ಲಿ ರೈಲು ಓಡಾಡುವುದಕ್ಕೆ ಎಷ್ಟೋ ಮೊದಲೇ ಬಸ್ ಕಂಡಕ್ಟರುಗಳು ‘ಸೋಪ್ ಫ್ಯಾಕ್ಟ್ರಿ, ಸೋಪ್ ಫ್ಯಾಕ್ಟ್ರಿ’ ಎಂದು ಕೂಗಿ ಜನರನ್ನು ಇಳಿಸುತ್ತಿದ್ದ ಜಾಗ ಅದು. ಗಾಳಿ ಕೂಡಿಬಂದ ದಿನ ಲಾರಿಗಳ ಹೊಗೆಯನ್ನೂ ಸೀಳಿಕೊಂಡು ಗಂಧದ ಘಮ ಮೂಗಿಗೆ ತಾಕುತ್ತದೆ. ಈಗ ಬಸವೇಶ್ವರನಗರ, ವಿಜಯನಗರದ ಅಂಗಡಿಗಳಲ್ಲಿ ರೋಸ್‌ಮೆರಿ, ಲ್ಯಾವೆಂಡರ್, ಟೀ ಟ್ರೀ ಎಂಬ ಕಂದು ಸೀಸೆಗಳು ಸಾಲಾಗಿ ನಿಂತಿವೆ. ಮೊಡವೆಗೆ ಇದು, ಹೊಟ್ಟಿಗೆ ಅದು, ಉದುರುವ ಕೂದಲಿಗೆ ಮತ್ತೊಂದು. ಇದೆಲ್ಲ ಹೊಸ ಕಾಲದ ಶೋಕಿ ಎಂದು ಮೂಗು ಮುರಿಯುವ ಹಿರಿಯರು ದಿನಾ ಬೆಳಿಗ್ಗೆ ಅದೇ ಕುಲದ ತೈಲ ಬೆರೆತ ಸಾಬೂನನ್ನು ಮೈಗೆ ತಿಕ್ಕಿಕೊಂಡೇ ಬೆಳೆದವರು.

ಆ ಸಾಬೂನು ಹುಟ್ಟಿದ್ದು ಯುದ್ಧದ ಇಕ್ಕಟ್ಟಿನಲ್ಲಿ. ಮೈಸೂರು ಸಂಸ್ಥಾನದ ಗಂಧದ ಕೊರಡು ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿ ತೈಲವಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೇ ತಡ, ರಫ್ತು ನಿಂತು ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು, ಕೈಗಾರಿಕೆಯ ಉಸ್ತುವಾರಿ ಆಲ್‌ಫ್ರೆಡ್ ಚಾಟರ್ಟನ್ ಅವರದು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ತೈಲ ಭಟ್ಟಿ ಇಳಿಸಬಹುದೆಂದು 1916ರ ಹೊತ್ತಿಗೆ ಮಾಡಿ ತೋರಿಸಿದರು. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕೈಯಲ್ಲಿ 1918ರಲ್ಲಿ ಸಾಬೂನು ಆಯಿತು. ಬೆಂಗಳೂರಿನ ಮೊದಲ ಕಾರ್ಖಾನೆ ಕೆ.ಆರ್. ಸರ್ಕಲ್ ಬಳಿ ಇತ್ತು. 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಸಿಂಹದ ಮೈ, ಆನೆಯ ತಲೆಯ ಶರಭ ಮೊದಲಿನಿಂದ ಇಂದಿನವರೆಗೆ ಅದರ ಗುರುತು. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಗಂಧದ ಮರ ಪರಾವಲಂಬಿ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಲವಣ ಹೀರಿಕೊಂಡು ನಿಧಾನಕ್ಕೆ ಬೆಳೆಯುತ್ತದೆ. ಎಲೆ, ತೊಗಟೆ, ಹೊರಗಿನ ಬಿಳಿ ಮರ ಯಾವುದರಲ್ಲೂ ಘಮವಿಲ್ಲ. ಇರುವುದೆಲ್ಲ ಒಳಗಿನ ಕೆಚ್ಚಿನಲ್ಲಿ ಮತ್ತು ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಕೆಚ್ಚನ್ನು ಪುಡಿ ಮಾಡಿ ಹಬೆ ಹಾಯಿಸಿದರೆ ತೈಲ ಹಬೆಯ ಜೊತೆ ಏರಿ, ತಣ್ಣಗಿನ ಕೊಳವೆಯಲ್ಲಿ ಮತ್ತೆ ದ್ರವವಾಗಿ ಇಳಿಯುತ್ತದೆ. ನೀಲಗಿರಿ ಎಲೆ ಕೆಲವೇ ಗಂಟೆಯಲ್ಲಿ ತನ್ನ ತೈಲ ಬಿಟ್ಟುಕೊಡುತ್ತದೆ. ಗಂಧಕ್ಕೆ ಎರಡು ಮೂರು ದಿನ ಬೇಕು. ಅಷ್ಟು ಕಾದರೂ ಒಳ್ಳೆಯ ಕೆಚ್ಚಿನಿಂದ ಬರುವುದು ನೂರಕ್ಕೆ ನಾಲ್ಕರಿಂದ ಆರು ಪಾಲು. ಅದರಲ್ಲಿ ಘಮಕ್ಕೆ ಕಾರಣವಾದ ಆಲ್ಫಾ ಸ್ಯಾಂಟಲಾಲ್ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಪ್ರತಿಶತ ಇರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ.

ಇನ್ನು ಬೆಲೆಯ ಲೆಕ್ಕ. ಅಸಲಿ ಗಂಧದೆಣ್ಣೆಯ ಸಗಟು ದರವೇ ಕಿಲೋಗೆ ಲಕ್ಷ ರೂಪಾಯಿ ಮೀರಿ ಬಹಳ ಕಾಲವಾಯಿತು. ಅಂದರೆ ಹತ್ತು ಗ್ರಾಂಗೆ ಸಾವಿರ ರೂಪಾಯಿಗಿಂತ ಕಡಿಮೆ ಬೀಳುವುದಿಲ್ಲ. ನೂರೈವತ್ತು ರೂಪಾಯಿಗೆ ‘ಪ್ಯೂರ್ ಸ್ಯಾಂಡಲ್‌ವುಡ್’ ಕೊಡುವ ಪುಣ್ಯಾತ್ಮ ಗಂಧವನ್ನಂತೂ ಕೊಡುತ್ತಿಲ್ಲ. ಚೀಟಿಯ ಮೇಲೆ ಸ್ಯಾಂಟಲಮ್ ಆಲ್ಬಮ್ ಎಂಬ ಸಸ್ಯನಾಮ ಇದೆಯೇ ನೋಡಬೇಕು. ಸ್ಯಾಂಟಲಮ್ ಸ್ಪೈಕೇಟಮ್ ಎಂದಿದ್ದರೆ ಅದು ಆಸ್ಟ್ರೇಲಿಯಾದ ಬೇರೊಂದು ಜಾತಿ, ಸ್ಯಾಂಟಲಾಲ್ ಅದರಲ್ಲಿ ಕಡಿಮೆ. ಅಮೈರಿಸ್ ಎಂದಿದ್ದರೆ ಗಂಧಕ್ಕೂ ಅದಕ್ಕೂ ದೂರದ ನಂಟೂ ಇಲ್ಲ. ಹಾಗೆಂದು ಆಸ್ಟ್ರೇಲಿಯಾದ ಹೆಸರು ಕಂಡೊಡನೆ ಸೀಸೆಯನ್ನು ಕೆಳಗಿಡಬೇಕಿಲ್ಲ. ನಮ್ಮ ಜಾತಿಯ ಗಂಧವನ್ನೇ ಆ ದೇಶದ ಪಶ್ಚಿಮದ ಕುನುನರಾ ಸುತ್ತ ತೋಟಗಟ್ಟಲೆ ಬೆಳೆಸಿದ್ದಾರೆ. ನಮ್ಮಲ್ಲಾದರೋ ಅದು ತಡವಾಯಿತು: ರೈತನ ಹೊಲದ ಗಂಧದ ಮರ ರೈತನದೇ ಎಂದು ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ.

ಮೂಗಿನ ಪರೀಕ್ಷೆಯೂ ಉಂಟು. ದಪ್ಪ ಬಿಳಿ ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಕಿಟಕಿಯ ಬಳಿ ಇಡಿ. ಅಸಲಿ ಗಂಧ ಮೊದಲು ಹೆಚ್ಚೇನೂ ಹೇಳುವುದಿಲ್ಲ. ಹಾಲಿನ ಕೆನೆಯಂಥ ಮೆತ್ತನೆಯ ವಾಸನೆ ನಿಧಾನಕ್ಕೆ ಬಿಚ್ಚಿಕೊಂಡು ಮಾರನೆಯ ದಿನವೂ ಕಾಗದದಲ್ಲಿ ಉಳಿದಿರುತ್ತದೆ. ಮೊದಲ ನಿಮಿಷಕ್ಕೇ ತಲೆಗೇರಿ ಸಂಜೆಗೆ ಮಾಯವಾದರೆ ಅನುಮಾನಪಡಿ.

ಕೊಳ್ಳುವವರು ಮರೆಯುವ ಸಂಗತಿಯೆಂದರೆ ಪ್ರಮಾಣ. ಅಜ್ಜಿ ಬೆವರುಸಾಲೆಗೆ ಹಚ್ಚುತ್ತಿದ್ದ ಗಂಧವನ್ನು ನೆನೆಸಿಕೊಳ್ಳಿ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಕೊರಡನ್ನು ಸುತ್ತು ತಿರುಗಿಸಿದರೆ ತಿಳಿ ಕಂದು ಲೇಪ ಸಿಗುತ್ತಿತ್ತು. ಮರದಲ್ಲೇ ತೈಲ ಅಷ್ಟಕ್ಕಷ್ಟೆ, ಅದಕ್ಕೆ ನೀರು ಬೇರೆ ಬೆರೆತು ಚರ್ಮಕ್ಕೆ ತಲುಪುತ್ತಿದ್ದುದು ಬಲು ತೆಳು ಪ್ರಮಾಣ. ಸೀಸೆಯಲ್ಲಿರುವುದು ಹಾಗಲ್ಲ, ನೂರಕ್ಕೆ ನೂರು ತೈಲ. ಅದನ್ನು ನೇರವಾಗಿ ಕೆನ್ನೆಗೆ ಸವರಿಕೊಂಡು ಉರಿ, ಕೆಂಪು ಅಂತ ಡಾಕ್ಟರ ಬಳಿ ಓಡುವುದರಲ್ಲಿ ಅರ್ಥವಿಲ್ಲ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. 30 ಮಿಲಿಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ 6 ಹನಿ ಹಾಕಿದರೆ ಒಂದು ಪ್ರತಿಶತ. ಮುಖಕ್ಕೆ ಅಷ್ಟು ಧಾರಾಳ, ತಲೆಗೆ 12 ಹನಿಯವರೆಗೆ ಹೋಗಬಹುದು. ಎಣ್ಣೆ ಹುಡುಕುವ ಕಷ್ಟ ಈ ಕಡೆಯವರಿಗಿಲ್ಲ. ಕೆಂಗೇರಿಯವರೆಗೂ ಗಾಣದ ಎಣ್ಣೆ ಅಂಗಡಿಗಳು ತೆರೆದುಕೊಂಡಿವೆ. ಮೊದಲು ಮೊಣಕೈ ಒಳಮಗ್ಗುಲಿಗೆ ತುಸು ಹಚ್ಚಿ ಒಂದೆರಡು ದಿನ ಕಾಯುವುದು ಕ್ಷೇಮ.

ಇವೆಲ್ಲ ಕೆಲಸ ಮಾಡುತ್ತವೆಯೇ? ಕೆಲವು, ಸ್ವಲ್ಪ. ಟೀ ಟ್ರೀ ಪರವಾಗಿ ಒಳ್ಳೆಯ ಸಾಕ್ಷ್ಯವಿದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಮೊಡವೆ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಐದು ಪ್ರತಿಶತದ ಟೀ ಟ್ರೀ ಜೆಲ್ ಮೊಡವೆಯ ಔಷಧಿ ಬೆಂಜಾಯಿಲ್ ಪೆರಾಕ್ಸೈಡಿಗಿಂತ ನಿಧಾನವಾಗಿಯಾದರೂ ಗುಣ ಕೊಟ್ಟಿತು. ಉರಿ, ಸಿಪ್ಪೆ ಏಳುವುದು ಕಡಿಮೆ. ತಲೆಹೊಟ್ಟಿಗೂ 2002ರ ಒಂದು ಪರೀಕ್ಷೆ ಅದರ ಪರ ನಿಂತಿತು. ಕೂದಲಿನ ಮಾತಿಗೆ ಬಂದರೆ ಸ್ಕಾಟ್ಲೆಂಡಿನ ಅಬರ್ಡೀನ್ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ತೇಪೆತೇಪೆಯಾಗಿ ಕೂದಲು ಉದುರುವವರ ತಲೆಗೆ ಥೈಮ್, ರೋಸ್‌ಮೆರಿ, ಲ್ಯಾವೆಂಡರ್, ಸೀಡರ್ ತೈಲಗಳ ಮಿಶ್ರಣವನ್ನು ದಿನವೂ ಏಳು ತಿಂಗಳು ತಿಕ್ಕಿಸಿದರು. ಶೇ 44 ಮಂದಿಗೆ ಸುಧಾರಿಸಿತು. ಬರಿಯ ಎಣ್ಣೆ ತಿಕ್ಕಿಕೊಂಡವರಲ್ಲಿ ಶೇ 15. ರೋಸ್‌ಮೆರಿಯ ಈಗಿನ ಹುಚ್ಚಿಗೆ ಮೂಲ 2015ರ ಇರಾನಿನ ಅಧ್ಯಯನ. ಬೋಳಾಗುತ್ತಿದ್ದ ನೂರು ಮಂದಿಯಲ್ಲಿ ಅರ್ಧ ಜನರಿಗೆ ರೋಸ್‌ಮೆರಿ, ಅರ್ಧ ಜನರಿಗೆ ಎರಡು ಪ್ರತಿಶತದ ಮಿನಾಕ್ಸಿಡಿಲ್ ಔಷಧಿ. ಆರು ತಿಂಗಳಿಗೆ ಎರಡೂ ಗುಂಪಿನ ಕೂದಲು ತುಸು ಹೆಚ್ಚಿ, ಸರಿಸಮವಾಯಿತು. ಏನೂ ಹಚ್ಚದ ಗುಂಪು ಮಾತ್ರ ಇರಲಿಲ್ಲ. ಮೂರು ತಿಂಗಳ ಹೊತ್ತಿಗೆ ಹೇಳಿಕೊಳ್ಳುವಂಥ ಬದಲಾವಣೆ ಯಾರಲ್ಲೂ ಕಂಡಿರಲಿಲ್ಲ ಎಂಬುದನ್ನು ಹದಿನೈದೇ ದಿನಕ್ಕೆ ಕನ್ನಡಿ ನೋಡಿಕೊಂಡು ನಿಟ್ಟುಸಿರಿಡುವವರು ಗಮನಿಸಬೇಕು.

ಗಂಧದ ವಿಷಯದಲ್ಲೊಂದು ತಮಾಷೆಯಿದೆ. ಗಂಧದ ವಾಸನೆ ಕೂದಲ ಬುಡವನ್ನು ಚುರುಕುಗೊಳಿಸುತ್ತದೆ ಎಂದು 2018ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಪ್ರಯೋಗದಲ್ಲಿ ಬಳಸಿದ್ದು ಸ್ಯಾಂಡಲೋರ್ ಎಂಬ ಕೃತಕ ಸುಗಂಧ. ಅದೂ ತಟ್ಟೆಯಲ್ಲಿ ಬೆಳೆಸಿದ ಕೂದಲ ಬುಡಗಳ ಮೇಲೆ.

ನಮ್ಮದೇ ಇನ್ನೊಂದು ತೈಲವನ್ನು ಈ ಸೀಸೆಗಳ ಸಾಲಿನಲ್ಲಿ ಯಾರೂ ಕೇಳುವುದಿಲ್ಲ: ದವನ. ವಿಜಯನಗರ ಮಾರ್ಕೆಟ್ಟಿನ ಹೂವಿನವರು ಹಾರದ ನಡುನಡುವೆ ಸೇರಿಸುವ ಬೂದುಹಸಿರು ಸೊಪ್ಪು. ಚಳಿಗಾಲಕ್ಕೆ ಮುನ್ನ ಬಿತ್ತಿ ನಾಲ್ಕು ತಿಂಗಳೊಳಗೆ ಕೊಯ್ಯುವ ಬೆಳೆ. ಕ್ವಿಂಟಲ್ ಹಸಿ ಸೊಪ್ಪಿಗೆ ಕಾಲು ಕಿಲೋ ತೈಲ ಸಿಕ್ಕರೆ ಹೆಚ್ಚು. ಒಣದ್ರಾಕ್ಷಿಯಂಥ ಅದರ ಸಿಹಿ ವಾಸನೆಗೆ ವಿದೇಶಿ ಪರಿಮಳದವರು ಮುಗಿಬೀಳುತ್ತಾರೆ. ಮೊಡವೆಗೂ ಹೊಟ್ಟಿಗೂ ಅದನ್ನು ಶಿಫಾರಸು ಮಾಡುವುದು ತಪ್ಪು. ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ ಜಡೆಗೆ ಸವರಿದರೆ ಸಿಗುವುದು ಸುಖ ಮಾತ್ರ. ಅಷ್ಟು ಸಾಲದೇ?

ಎಚ್ಚರಿಕೆಯ ಮಾತುಗಳನ್ನು ಚುಟುಕಾಗಿ ಮುಗಿಸಬಹುದು. ಸಿಪ್ಪೆ ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ನಿಲ್ಲುತ್ತದೆ. ಹೊಟ್ಟಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸುವ ಮನೆಗಳಲ್ಲಿ ಆ ಬಟ್ಟಲು ಮಗುವಿನ ಕೈಗೆ ಸಿಗಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಬೋರ್‌ವೆಲ್, ಟ್ಯಾಂಕರಿನ ಗಡಸು ನೀರು ಬರುವ ಮನೆಗಳಲ್ಲಿ ಸಾಬೂನು ನೊರೆ ಕಟ್ಟದೆ ತಲೆಯಲ್ಲಿ ಜಿಡ್ಡಾಗಿ ಕೂರುತ್ತದೆ, ಅದಕ್ಕೆ ಯಾವ ತೈಲವೂ ಮದ್ದಲ್ಲ. ಲ್ಯಾವೆಂಡರ್, ಕಿತ್ತಳೆ ತೈಲಗಳಲ್ಲಿರುವ ಲಿನಲೂಲ್ ಮತ್ತು ಲಿಮೊನೀನ್ ಗಾಳಿಯ ಜೊತೆ ಸೇರಿ ಅಲರ್ಜಿ ತರುವ ಪದಾರ್ಥಗಳಾಗಿ ಬದಲಾಗುತ್ತವೆ. ಹಾಗಾಗಿ ಸೀಸೆ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದಿಟ್ಟು, ಬಿಸಿಲು ತಾಗದ ಕಡೆ ಇಡಬೇಕು. ಗಂಧ ವರ್ಷಗಟ್ಟಲೆ ಕೆಡುವುದಿಲ್ಲ. ಉಳಿದವು ವರ್ಷ ದಾಟಿ ಹಳೆಯ ಪೇಂಟಿನ ವಾಸನೆ ಹೊಡೆಯತೊಡಗಿದರೆ ಮೈಗೆ ಬೇಡ, ಕೈಗವಸು ಹಾಕಿಕೊಂಡು ನೆಲ ಒರೆಸುವ ಬಕೆಟ್ಟಿಗೆ ಬಗ್ಗಿಸಬಹುದು.