ವಕೀಲರೇ ಬರಲ್ಲ ಅಂದ್ರೆ?

ಪುಣೆಯ ನಮ್ಮ ಶಾಲೆಯಲ್ಲಿ ಸಂವಿಧಾನದ 22ನೇ ವಿಧಿ ಪಾಠ ನಡೆದಿತ್ತು. ಬಂಧಿತನಿಗೆ ತನ್ನಿಷ್ಟದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ ಅಂದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಟೀಚರ್, ಊರಿನ ವಕೀಲರೆಲ್ಲ ಸೇರಿ ಬರಲ್ಲ ಅಂದ್ರೆ?"

ಇದಕ್ಕೆ ಸುಪ್ರೀಂ ಕೋರ್ಟ್ 2010ರಲ್ಲೇ, ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಹೆಸರು ನೋಡಿ ನಮ್ಮವರು ಬೇರೇನೋ ಊಹಿಸ್ತಾರೆ. ಅಲ್ಲಿ ವಕೀಲರು ಸಿಗದಿದ್ದದ್ದು ಪೊಲೀಸರಿಗೆ! ಪೊಲೀಸರ ಜೊತೆ ಜಟಾಪಟಿಯಾದ ಮೇಲೆ, ಆರೋಪಿ ಪೊಲೀಸರ ಪರ ಯಾರೂ ನಿಲ್ಲಬಾರದೆಂದು ಕೊಯಮತ್ತೂರು ವಕೀಲರ ಸಂಘ ಠರಾವು ಮಾಡಿತ್ತು. ಇಂಥ ಠರಾವುಗಳು ಕಾನೂನುಬಾಹಿರ, ವಕೀಲರು ಇವನ್ನು ಧಿಕ್ಕರಿಸಬೇಕು ಎಂದರು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ. ಹೈದರಾಬಾದಿನ ರಜಾಕಾರರ ಪರ, ಶೇಖ್ ಅಬ್ದುಲ್ಲಾ ಪರ, ಗಾಂಧಿ ಹತ್ಯೆಯ ಆರೋಪಿಗಳ ಪರವೂ ವಕೀಲರು ನಿಂತದ್ದನ್ನು ತೀರ್ಪು ನೆನೆಯುತ್ತದೆ. ಓದಲು ಚೆಂದ. ತೀರ್ಪಿನ ಪ್ರತಿ ಜಿಲ್ಲಾ ಸಂಘಗಳಿಗೂ ತಲುಪಲಿ ಎಂದೂ ಹೇಳಿದೆ.

ನನ್ನ ತಕರಾರು ಇಲ್ಲೇ. ಠರಾವು ರದ್ದು, ಸರಿ. ಠರಾವು ಮಾಡಿದವರಿಗೆ? ವೃತ್ತಿಯ ದುರ್ನಡತೆ ವಿಚಾರಿಸಲು 1961ರ ವಕೀಲರ ಕಾಯ್ದೆಯಲ್ಲಿ 35ನೇ ಕಲಂ ಇದೆ. ಇದು ವೃತ್ತಿಧರ್ಮಕ್ಕೆ ವಿರುದ್ಧ ಎಂದ ಪೀಠ, ಆ ಕಲಮಿನ ಕಡೆ ಕೈ ಚಾಚಲಿಲ್ಲ.

ಅದರ ಫಲ 2020ರ ಫೆಬ್ರವರಿಯಲ್ಲಿ ಕಂಡಿತು. ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ಬೇಡವೆಂದು ಹುಬ್ಬಳ್ಳಿ ವಕೀಲರ ಸಂಘ ಠರಾವು ಮಾಡಿತು. ಬೇರೆ ವಕೀಲರು ಹೈಕೋರ್ಟಿಗೆ ಹೋದರು, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಗದರಿತು, ಠರಾವು ಸಡಿಲವಾಯಿತು. ಆದರೆ ರಿಮ್ಯಾಂಡಿನ ಮೊದಲ ದಿನಗಳೇ ಆರೋಪಿಗೆ ವಕೀಲರು ಅತಿ ಹೆಚ್ಚು ಬೇಕಾದ ದಿನಗಳು. ಆಮೇಲೆ ಸಡಿಲಿಸಿದರೆ ಹೋದ ದಿನ ಬರುತ್ತದೆಯೇ?

ಆ ಹುಡುಗರು ತಪ್ಪು ಮಾಡಿದ್ದರೋ ಇಲ್ಲವೋ, ಅದು ಬೇರೆ ಮಾತು. ಅದನ್ನು ತೀರ್ಮಾನಿಸಲೆಂದೇ ವಿಚಾರಣೆ ಇರುವುದು. ವಕೀಲ್ ಎಂಬ ಶಬ್ದ ನಮ್ಮ ಉರ್ದುವಿನಲ್ಲೂ ಇದೆ, ಮೂಲ ಅರಬ್ಬಿ: ತನ್ನ ಕೆಲಸವನ್ನು ನಂಬಿ ಯಾರಿಗೆ ಒಪ್ಪಿಸುತ್ತೇವೋ ಅವರು. ಅದನ್ನು ಬೋರ್ಡಿನ ಮೇಲೆ ಬರೆದೆ. ಹುಡುಗಿ ಬರೆದುಕೊಂಡಳು. ಪೊಲೀಸರಿಗೂ ವಕೀಲರು ಬೇಕು ಅಂದಾಗ ಮಾತ್ರ ಮುಖ ಹುಳಿ ಮಾಡಿದಳು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮವರೇ ಇಬ್ಬರು ಹಾಗೇ ಮಾಡಿದರು.