ಮನೆಯ ಸಾಬೂನು, ಊರಿನ ನೀರು

ಬಟ್ಟೆ ಒಗೆಯುವ ಸಾಬೂನನ್ನೂ ಪುಡಿಯನ್ನೂ ಅಂಗಡಿಯಿಂದ ತಾರದೆ ಮನೆಯಲ್ಲಿಯೇ ಮಾಡಿಕೊಳ್ಳುವ ಪದ್ಧತಿಯ ಗುಣಾವಗುಣಗಳನ್ನು ವಿಚಾರಿಸುವವರು ಬಹುತೇಕ ಖರ್ಚಿನ ಲೆಕ್ಕವೊಂದನ್ನೇ ಹಿಡಿದು ತೀರ್ಪು ಕೊಟ್ಟುಬಿಡುತ್ತಾರೆ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯಂತಹ ಊರಿನಲ್ಲಿ ಈ ಲೆಕ್ಕ ಸಾಲದು. ಧರ್ಮಪುರಿ ಸೀಮೆಯ ಬಂಡೆನೆಲದಡಿಯಿಂದ ಬರುವ ಬಾವಿ, ಬೋರುಗಳ ನೀರು ಬಹುಪಾಲು ಗಡುಸಾದದ್ದು, ಫ್ಲೋರೈಡಿನ ಬಾಧೆಯೂ ಉಳ್ಳದ್ದು. ಆ ಬಾಧೆಯ ನಿವಾರಣಾರ್ಥವಾಗಿಯೇ ಹೊಗೇನಕಲ್ಲಿನ ಕಾವೇರಿಯ ನೀರನ್ನು ಕುಡಿಯುವುದಕ್ಕೆಂದು ತರುವ ಯೋಜನೆ 2013ರಲ್ಲಿ ಉದ್ಘಾಟಿತವಾಯಿತು. ಆದರೆ ಒಗೆತಕ್ಕೆ ಬೋರಿನ ನೀರನ್ನೇ ನೆಚ್ಚಿದ ಮನೆಗಳು ಅನೇಕ. ಆದುದರಿಂದ ಇಲ್ಲಿ ಸಾಬೂನಿನ ಯೋಗ್ಯತೆಯನ್ನು ನಿರ್ಣಯಿಸತಕ್ಕದ್ದು ಮೊದಲು ನೀರು, ಆಮೇಲೆ ಬಟ್ಟೆ, ಕೊನೆಗೆ ಕಾಸು.

ಹಳೆಯ ಸಾಧನಗಳಲ್ಲಿ ಅಂಟುವಾಳಕ್ಕೆ ನಾನು ಅಗ್ರಸ್ಥಾನವನ್ನು ಕೊಡುತ್ತೇನೆ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದಾಗ ದೊರೆಯುವ ರಸದಲ್ಲಿ ನೊರೆಯೆಬ್ಬಿಸುವ ವಸ್ತು ಸಪೋನಿನ್. ಅದು ಗಡುಸುನೀರಿನ ಸುಣ್ಣದೊಡನೆ ಕೂಡಿ ಸಾಬೂನಿನ ಹಾಗೆ ಗಸಿಯಾಗದು, ಕ್ಷಾರವನ್ನು ಸಹಿಸದ ರೇಷ್ಮೆಗೂ ಉಣ್ಣೆಗೂ ಕೇಡು ಮಾಡದು. ರೇಷ್ಮೆಗೂಡಿನ ವ್ಯಾಪಾರ ನಡೆಯುವ ಈ ಜಿಲ್ಲೆಯಲ್ಲಿ ಮದುವೆಯ ಸೀರೆಗೆ ಅಂಟುವಾಳದ ನೀರಲ್ಲದೆ ಬೇರೇನೂ ಸೋಂಕಬಾರದೆಂಬ ಅಜ್ಜಿಯರ ನಿಯಮಕ್ಕೆ ರಸಾಯನಶಾಸ್ತ್ರದ ಪೂರ್ಣ ಸಮ್ಮತಿಯುಂಟು. ದೋಷಗಳಿಲ್ಲವೆಂದಲ್ಲ: ರಸವು ಕೆಲವೇ ದಿನಗಳಲ್ಲಿ ಹುಳಿತು ಕೆಡುತ್ತದೆ, ಬಿಳಿಯ ಪಂಚೆಗೆ ಕಂದುಛಾಯೆ ಹಿಡಿಸುತ್ತದೆ, ಹೊಲದ ಮಣ್ಣೂ ಎಣ್ಣೆಯೂ ಬೆರೆತು ಕಚ್ಚಿದ ಕೊಳೆಯ ಮುಂದೆ ಸೋಲುತ್ತದೆ.

ಎಣ್ಣೆಸಾಬೂನಿನ ಮಾತು ಬೇರೆ. ಗಾಂಧೀಜಿಯವರು 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದ ಮೇಲೆ ಬೆಳೆದ ಗ್ರಾಮೋದ್ಯೋಗದ ಪರಂಪರೆಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಆಯೋಗವು ಬೇವಿನಂತಹ, ತಿನ್ನಲು ಬಾರದ ಎಣ್ಣೆಗಳನ್ನು ಸಾಬೂನಿನ ಕಡೆಗೆ ತಿರುಗಿಸಲು ಯತ್ನಿಸಿದುದು ದೂರದೃಷ್ಟಿಯ ಕಾರ್ಯ. ಆದರೆ ಇದು ಅಂದಾಜಿನಿಂದ ಮಾಡುವ ಅಡಿಗೆಯಲ್ಲ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಹಿಡಿಸಿದರೆ, ಕಡಲೆಕಾಯೆಣ್ಣೆಗೆ ಸುಮಾರು 135 ಗ್ರಾಂ ಮಾತ್ರ ಸಾಕು; ತೆಂಗಿನೆಣ್ಣೆಯ ತೂಕವನ್ನು ಕಡಲೆಕಾಯೆಣ್ಣೆಗೆ ಹಾಕಿದರೆ ಉಳಿದ ಕ್ಷಾರವು ಕೈಯನ್ನೂ ನೂಲನ್ನೂ ತಿನ್ನುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕಲ್ಲದೆ ನೀರನ್ನು ಸೋಡಾದ ಮೇಲೆ ಸುರಿಯಲಾಗದು. ಅಲ್ಯುಮಿನಿಯಂ ಪಾತ್ರೆ ವರ್ಜ್ಯ. ಮಕ್ಕಳು ಆ ಜಾಗಕ್ಕೆ ಸುಳಿಯಬಾರದು. ಇಷ್ಟು ಶ್ರಮದಿಂದ ಸಿದ್ಧವಾದ ಒಳ್ಳೆಯ ಸಾಬೂನಿನದೂ ಒಂದು ಪಾಲು ಇಲ್ಲಿಯ ನೀರಿನ ಸುಣ್ಣಕ್ಕೇ ಆಹುತಿಯಾಗಿ, ಗಸಿಯಾಗಿ, ಟವೆಲನ್ನು ಒರಟು ಮಾಡಿ ಬಿಳುಪನ್ನು ಮಂಕಾಗಿಸುತ್ತದೆ. ಮೊದಲೇ ಸ್ವಲ್ಪ ಒಗೆಯುವ ಸೋಡಾ ಕರಗಿಸಿ ನೀರನ್ನು ಮೆದುಗೊಳಿಸಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು, ಇಂದು ಹೆಚ್ಚು ಪ್ರಚಾರದಲ್ಲಿರುವ ಪುಡಿ. ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ 1989ರಲ್ಲಿ ಮೊದಲುಗೊಂಡುದು ಇದೇ ಧರ್ಮಪುರಿ ಜಿಲ್ಲೆಯಲ್ಲಿ. ಇಂತಹ ಸಂಘಗಳ ಕಿರುಉದ್ಯೋಗಗಳಲ್ಲಿ ಸೋಪಿನ ಪುಡಿ, ಫಿನಾಯಿಲುಗಳು ಸಾಮಾನ್ಯ. ಹೆಂಗಸರ ಕೈಗೆ ನಾಲ್ಕು ಕಾಸು ಬಂದುದನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು ಮನೆಯಲ್ಲಿ ಬೆರಸಿ ಸೈಕಲ್ಲಿನ ಮೇಲೆ ಮಾರಿದ ನಿರ್ಮಾ ಪುಡಿಯೂ ಇಂತಹ ಆರಂಭದಿಂದಲೇ ಬೆಳೆಯಿತು. ಆದರೂ ಕೊಳೆ ಬಿಡಿಸುವ ಆಸಿಡ್ ಸ್ಲರಿ, ಒಗೆಯುವ ಸೋಡಾ, ಉಪ್ಪು, ಬಣ್ಣ, ಸುಗಂಧಗಳನ್ನು ತಂದು ಬೆರಸಿದ ಈ ಪುಡಿಯ ಮೂಲದ್ರವ್ಯವೆಲ್ಲ ಕಾರ್ಖಾನೆಯದೇ. ಗಡುಸುನೀರಿನಲ್ಲಿ ಇದು ಸಾಬೂನಿಗಿಂತ ಚೆನ್ನಾಗಿ ಕೆಲಸ ಮಾಡುವುದು ನಿಜ. ಇದಕ್ಕೆ ಪ್ರಕೃತಿಜನ್ಯವೆಂಬ ಚೀಟಿ ಅಂಟಿಸುವುದು ಮಾತ್ರ ಸುಳ್ಳು. ಅಗ್ಗವಾಗಲೆಂದು ಸೋಡಾವನ್ನು ಮಿತಿಮೀರಿ ಸುರಿಯುವ ಕೈವಾಡವಂತೂ ಖಂಡನೀಯ.

ನನ್ನ ನಿರ್ಣಯವಿಷ್ಟು: ಮನೆಯಲ್ಲಿ ನಿರ್ಭಯವಾಗಿ ಮಾಡಿಕೊಳ್ಳತಕ್ಕದ್ದು ಅಂಟುವಾಳವೊಂದೇ, ಅದು ರೇಷ್ಮೆಗೆ, ಉಣ್ಣೆಗೆ, ಬಣ್ಣದ ಬಟ್ಟೆಗೆ ಇರಲಿ. ಕಾಸ್ಟಿಕ್ಕಿನ ಕೆಲಸ ತಕ್ಕಡಿಯೂ ತರಬೇತಿಯೂ ಉಳ್ಳ ಸಂಘದಲ್ಲಿ ನಡೆಯಲಿ, ಅಡಿಗೆಮನೆಯಲ್ಲಿ ಬೇಡ. ಯಾವುದಕ್ಕೂ ಮುನ್ನ ಗೃಹಿಣಿಯು ತನ್ನ ಬೋರಿನ ನೀರನ್ನು ಸೀಸೆಯಲ್ಲಿ ತುಂಬಿ, ಸಾಬೂನಿನ ಚೂರು ಹಾಕಿ ಕುಲುಕಿ ನೋಡಲಿ. ನೊರೆಯೇಳದೆ ಮೊಸರಿನಂತೆ ಒಡೆದರೆ, ಮೊದಲು ಕೊಳ್ಳಬೇಕಾದುದು ಒಗೆಯುವ ಸೋಡಾ.